ಯುದ್ಧದಲ್ಲಿ ತೀರಿಹೋದವರ ನೆನಪಿಗೆ ಹಾಡಿನ ಸಂಜೆ: ಏಳು ಭಾಷೆಯವರು ಒಟ್ಟಿಗೆ ಹಾಡುವಾಗ ಶ್ರುತಿ, ಹೆಸರು, ಮೌನ ಹೊಂದಿಸುವುದು ಹೇಗೆ?

ವಾಚನಾಲಯ_ಪೆರ್ಲ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ 21ರ ಅಂತಾರಾಷ್ಟ್ರೀಯ ಶಾಂತಿ ದಿನದಂದು, ಯುದ್ಧಗಳಲ್ಲಿ ತೀರಿಹೋದವರ ನೆನಪಿಗೆ ಒಂದು ಹಾಡಿನ ಸಂಜೆ ಮಾಡುವ ಆಲೋಚನೆ ಉಂಟು. ನಮ್ಮ ಕಾಸರಗೋಡು ಜಿಲ್ಲೆಯ ಮೂರು ವಾಚನಾಲಯ, ಒಂದು ಭಜನಾ ಮಂಡಳಿ, ಒಂದು ಮಾಪ್ಪಿಳಪ್ಪಾಟ್ಟು (ಮಲಬಾರಿನ ಮುಸ್ಲಿಮರ ಹಾಡು) ತಂಡ, ಒಂದು ಇಗರ್ಜಿಯ ಕ್ವಯರ್, ಹೈಸ್ಕೂಲ್ ಮಕ್ಕಳು ಸೇರಿ ಹಾಡುವವರೇ ಸುಮಾರು 60 ಜನ. ಕನ್ನಡ, ಮಲಯಾಳ, ತುಳು, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಎಲ್ಲ ಮಾತನಾಡುವವರೂ ಇದ್ದಾರೆ. ಜಾಗ ಶೀಟ್ ಹಾಕಿದ ಸಭಾಂಗಣ, 300 ಕುರ್ಚಿ. ಅವಧಿ ಒಂದೂವರೆ ಗಂಟೆ.

ತಿಳಿದವರು ಹೇಳಬೇಕಾದ್ದು ಇಷ್ಟು. ಭಜನೆಯವರ ಶ್ರುತಿ ಒಂದು, ಕ್ವಯರಿನದ್ದು ಇನ್ನೊಂದು, ಇವರನ್ನು ಒಂದೇ ಹಾಡಿಗೆ ತರುವುದು ಹೇಗೆ? ನಮ್ಮ ಕಡೆಯಿಂದ ಯುದ್ಧಕ್ಕೆ ಹೋಗಿ ಬಾರದವರ ಹೆಸರು ಎಲ್ಲಿ ಸಿಗುತ್ತದೆ? ಮೌನಾಚರಣೆ ಕೆಮ್ಮು, ಫೋನಿನಲ್ಲಿ ಮುಗಿದುಹೋಗದ ಹಾಗೆ ಮಾಡುವುದಕ್ಕೆ ಏನಾದರೂ ಉಪಾಯ ಉಂಟಾ? ಮತ್ತೆ, ಇದು ಘೋಷಣೆ ಕೂಗುವ ಕಾರ್ಯಕ್ರಮ ಆಗಬಾರದು. ಆ ಎಚ್ಚರ ಹೇಗೆ?

ಶ್ರುತಿಪೆಟ್ಟಿಗೆ:

ಮಾಷೆ, ಮೊದಲು ಶ್ರುತಿಯದ್ದನ್ನು ಮುಗಿಸುವ.

ಸಾಮಾನ್ಯವಾಗಿ ಒಬ್ಬರೇ ಹಾಡುವಾಗ ಗಂಡಸರು ಹಾರ್ಮೋನಿಯಂ ಮನೆಗಳಲ್ಲಿ ಬಿಳಿ ಒಂದು, ಬಿಳಿ ಎರಡರ ಆಸುಪಾಸು, ಹೆಂಗಸರು ಬಿಳಿ ನಾಲ್ಕರಿಂದ ಕಪ್ಪು ನಾಲ್ಕರವರೆಗೆ ಇಟ್ಟುಕೊಳ್ಳುತ್ತಾರೆ. ಎಲ್ಲರೂ ಮಾಡುವ ತಪ್ಪೆಂದರೆ ಈ ಎರಡರ ನಡುವೆ ಒಂದು ಮನೆ ಹುಡುಕುವುದು. ಹುಡುಕಬೇಕಾದ್ದು ಹಾಡಿನ ಹರವನ್ನು. ಹಾಡು ಮಧ್ಯ ಷಡ್ಜದಿಂದ (ನಡುವಿನ ಸ) ತಾರ ಷಡ್ಜದ (ಮೇಲಿನ ಸ) ಒಳಗೇ ಓಡಾಡುವುದಾದರೆ ಷಡ್ಜವನ್ನು ಕಪ್ಪು ಐದಕ್ಕೆ ಅಥವಾ ಬಿಳಿ ಒಂದಕ್ಕೆ ಇಡಿ. ಮಂದ್ರ ಪಂಚಮದಿಂದ (ಕೆಳಗಿನ ಪ) ಮಧ್ಯ ಪಂಚಮದವರೆಗೆ ಓಡಾಡುವ ಹಾಡಾದರೆ ಕಪ್ಪು ಎರಡು. ಎರಡೂ ಲೆಕ್ಕದಲ್ಲಿ ಹಾಡಿನ ಅತಿ ಕೆಳಗಿನ ಸ್ವರ ಕಪ್ಪು ಐದರ ಹತ್ತಿರ ಬೀಳುತ್ತದೆ. ಅಲ್ಲಿಂದ ಒಂದು ಸ್ಥಾಯಿ ಮೇಲಕ್ಕೆ ಹೆಂಗಸರಿಗೆ ಎಳೆದಾಡದೆ ಬರುತ್ತದೆ, ಗಂಡಸರು ತಾವಾಗಿಯೇ ಒಂದು ಸ್ಥಾಯಿ ಕೆಳಗೆ ಹಾಡುತ್ತಾರೆ. ಒಂದೂವರೆ ಸ್ಥಾಯಿ ಬೇಡುವ ಹಾಡನ್ನು ಗುಂಪಿಗೆ ತರಲೇಬೇಡಿ. ತರಲೇಬೇಕೆಂದಿದ್ದರೆ ಮೇಲಿನ ಚರಣ ಒಬ್ಬರಿಗೆ, ಪಲ್ಲವಿ ಎಲ್ಲರಿಗೆ.

ಹೈಸ್ಕೂಲ್ ಹುಡುಗರದ್ದು ಬೇರೆಯೇ ಪ್ರಶ್ನೆ. ಎಂಟು, ಒಂಬತ್ತನೇ ಕ್ಲಾಸಿನವರ ಸ್ವರ ಒಡೆಯುತ್ತಿರುತ್ತದೆ, ಮೇಲೂ ಹೋಗದು, ಕೆಳಗೂ ನಿಲ್ಲದು. ಅವರನ್ನು ಗದರಿಸಿ ಹಾಡಿಸುವುದಕ್ಕಿಂತ ದಫ್, ಜಾಗಟೆ, ತಾಳಕ್ಕೆ ಹಾಕಿ, ಅಥವಾ ಷಡ್ಜ ಒಂದನ್ನೇ ಹಿಡಿದು ನಿಲ್ಲಲು ಹೇಳಿ.

ರಾಗದ ವಿಚಾರ. ದುಃಖ ಎಂದ ಕೂಡಲೇ ಶುಭಪಂತುವರಾಳಿಗೆ ಹೋಗುವವರು ತುಂಬ. ಕಛೇರಿಗೆ ಅದು ಸರಿ, 60 ಜನ ಹವ್ಯಾಸಿಗಳಿಗೆ ಅಲ್ಲ. ಶುದ್ಧ ಧೈವತವೂ ಪ್ರತಿ ಮಧ್ಯಮವೂ ಗುಂಪಿನಲ್ಲಿ ಜಾರಿ, ಕೇಳುವವರಿಗೆ ಬೇರೆಯದೇ ದುಃಖವಾಗುತ್ತದೆ. ಮೋಹನ ಇಟ್ಟುಕೊಳ್ಳಿ. ಐದೇ ಸ್ವರ, ಪಕ್ಕಪಕ್ಕದ ಅರೆಸ್ವರ ಇಲ್ಲ, ಹಾಗಾಗಿ ಒಬ್ಬಿಬ್ಬರು ಸ್ವಲ್ಪ ತಪ್ಪಿದರೂ ಕಿವಿಗೆ ಚುಚ್ಚುವುದಿಲ್ಲ. ಹಿಂದೂಸ್ತಾನಿಯವರಿಗೆ ಅದು ಭೂಪ್, ಕ್ವಯರಿನವರ ಮೇಜರ್ ಸ್ಕೇಲಿನ ಒಳಗೇ ಬರುತ್ತದೆ. ವಿಷಾದ ಬೇಕಾದರೆ ನಡೆ ನಿಧಾನ ಮಾಡಿ, ನಿಮಿಷಕ್ಕೆ 60ರಿಂದ 66 ಎಣಿಕೆ ಸಾಕು.

ಕ್ವಯರ್ ಒಟ್ಟಿಗೆ ಇರುವಾಗ ಒಂದು ಜಾಗದಲ್ಲಿ ಖಂಡಿತ ಕೆಡುತ್ತದೆ. ಅವರು ನಾಲ್ಕು ಧ್ವನಿಗಳಲ್ಲಿ ಹಾರ್ಮನಿ ಹಾಡುತ್ತಾರೆ, ಕಾರ್ಡ್ ಬದಲಾಗುತ್ತಾ ಇರುತ್ತದೆ. ಭಜನೆಯವರ ತಂಬೂರಿ ಸ-ಪ ಹಿಡಿದು ನಿಂತಿರುತ್ತದೆ. ಕಾರ್ಡ್ ಮಧ್ಯಮಕ್ಕೆ ಹೋದ ಕೂಡಲೇ ಆ ಪಂಚಮ ಅದಕ್ಕೆ ತಾಗುತ್ತದೆ. ಯಾರೋ ಅಪಸ್ವರ ಹಾಡಿದರು ಎಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ, ತಪ್ಪು ಯಾರದ್ದೂ ಅಲ್ಲ. ಹಾರ್ಮನಿ ಬರುವ ಚರಣದಲ್ಲಿ ತಂಬೂರಿ ನಿಲ್ಲಿಸಿ, ಅಥವಾ ಬರೀ ಷಡ್ಜಕ್ಕೆ ಇಡಿ.

ಇದ್ದವರನ್ನು ನೋಡಿ ಹಾಡು ಕಟ್ಟಬೇಕು, ಹಾಡು ನೋಡಿ ಜನ ಹುಡುಕಬಾರದು. ಒಲಿವಿಯೆ ಮೆಸಿಯಾನ್ ಎಂಬ ಫ್ರೆಂಚ್ ಸಂಗೀತಗಾರ ಜರ್ಮನರ ಯುದ್ಧಕೈದಿಗಳ ಶಿಬಿರದಲ್ಲಿದ್ದಾಗ ಅಲ್ಲಿದ್ದದ್ದು ಒಬ್ಬ ಪಿಟೀಲಿನವ, ಒಬ್ಬ ಕ್ಲಾರಿನೆಟ್‌ನವ, ಒಬ್ಬ ಚೆಲ್ಲೋದವ. ಪಿಯಾನೋಕ್ಕೆ ತಾನೇ ಕೂತು ಆ ನಾಲ್ಕಕ್ಕೇ ಕೃತಿ ಬರೆದ. 1941ರ ಜನವರಿ 15ರಂದು ಗೋರ್ಲಿಟ್ಸ್ ಶಿಬಿರದಲ್ಲಿ, ಕೈದಿಗಳ ಮತ್ತು ಕಾವಲುಗಾರರ ಎದುರು ಅದನ್ನು ನುಡಿಸಿದರು. ಅಂಥ ವಾದ್ಯಮೇಳ ಅದಕ್ಕೆ ಮೊದಲು ಸಾಮಾನ್ಯವಲ್ಲ, ಆದರೂ ಕೃತಿ ನಿಂತಿತು.

ಇಶಲ್_ಮೊಗ್ರಾಲ್:

ಮೇಲಿನವರು ಹೇಳಿದ್ದು ಸರಿ, ಒಂದು ಸೇರಿಸುತ್ತೇನೆ. ಏಳು ಭಾಷೆಯ ಏಳು ತಂಡ ತಮ್ಮ ತಮ್ಮ ಹಾಡು ಹಾಡಿ ಇಳಿದರೆ ಅದು ಶಾಲಾ ವಾರ್ಷಿಕೋತ್ಸವ. ಎಲ್ಲರೂ ಸೇರಿ ಒಂದು ಹಿಂದಿ ಹಾಡು ಹಾಡಿದರೂ ಅಷ್ಟೇ ಕತೆ, ಯಾರ ಮನೆಗೂ ಯಾರೂ ಹೋದ ಹಾಗಾಗುವುದಿಲ್ಲ. ನಾಲ್ಕೇ ಹಾಡು ಇಟ್ಟುಕೊಳ್ಳಿ, ಒಂದೊಂದರಲ್ಲೂ ಆರೆಂಟು ಸಾಲು. ಭಜನಾ ಮಂಡಳಿ ಮಾಪ್ಪಿಳ ಇಶಲಿನ (ಮಾಪ್ಪಿಳಪ್ಪಾಟ್ಟಿನ ಧಾಟಿ) ಸಾಲು ಹಿಡಿಯಲಿ, ದಫ್‌ನವರು ತುಳು ಪಾಡ್ದನದ ಧಾಟಿಯನ್ನು, ಕ್ವಯರ್ ಕನ್ನಡವನ್ನು, ಮಕ್ಕಳು ಕೊಂಕಣಿಯನ್ನು. ಆ ಭಾಷೆಯ ಮನೆಯವರು ಎರಡನೇ ಸುತ್ತಿನಲ್ಲಿ ಸೇರಿಕೊಳ್ಳಲಿ.

ಕಲಿಸುವ ಕ್ರಮ: ಪ್ರತಿ ಹಾಡಿಗೂ ಎರಡು ಧ್ವನಿಮುದ್ರಿಕೆ. ಒಂದರಲ್ಲಿ ಆ ಭಾಷೆಯವರೇ ಸಾಲುಗಳನ್ನು ನಿಧಾನಕ್ಕೆ ಓದಬೇಕು, ಅರ್ಥವನ್ನೂ ಹೇಳಬೇಕು. ಇನ್ನೊಂದರಲ್ಲಿ ಹಾಡಬೇಕು, ತಂಬೂರಿ ಆ್ಯಪ್ ನಿಗದಿಯಾದ ಶ್ರುತಿಯಲ್ಲಿ ಹಿಂದೆ ಕೇಳುತ್ತಿರಬೇಕು. ತಂಬೂರಿ ಇಲ್ಲದೆ ವಾಟ್ಸಪ್ಪಿಗೆ ಹಾಡಿ ಕಳಿಸಿದರೆ ಒಂದೊಂದು ತಂಡ ಒಂದೊಂದು ಶ್ರುತಿಯಲ್ಲಿ ಗಟ್ಟಿ ಮಾಡಿಕೊಂಡು ಬರುತ್ತದೆ. ಆಮೇಲೆ ಅದನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ.

ಉಚ್ಚಾರದಲ್ಲಿ ಎಡವುವ ಜಾಗ ಎರಡು. ಮಲಯಾಳದ ೞ, ಇದನ್ನು ಕನ್ನಡದವರು ಳ ಮಾಡುತ್ತಾರೆ, ಮಕ್ಕಳು ಯ ಮಾಡುತ್ತಾರೆ. ಎಲ್ಲರಿಗೂ ಬರಲಿ ಎಂದು ಹಟ ಬೇಡ, ೞ ಮೇಲೆ ದೀರ್ಘ ನಿಲ್ಲುವ ಸಾಲು ಆರಿಸದಿದ್ದರೆ ಆಯ್ತು. ಎರಡನೆಯದು ಪದದ ಕೊನೆಯ ಅರ್ಧ ಉಕಾರ. ಅದನ್ನು ಕನ್ನಡದವರು ಪೂರ್ತಿ ಉ ಮಾಡಿ ಎಳೆದರೆ ಮಲಯಾಳಿಗಳು ನಗುತ್ತಾರೆ. ತುಳುವಿನಲ್ಲಿ ಅದೇ ಧ್ವನಿ ಉಂಟಲ್ಲ, ಹಾಗಾಗಿ ತುಳುವರನ್ನು ಆ ಸಾಲಿಗೆ ಮುಂದೆ ನಿಲ್ಲಿಸಿ, ಉಳಿದವರು ಹಿಂಬಾಲಿಸುತ್ತಾರೆ. ಸಾಹಿತ್ಯದ ಹಾಳೆಯನ್ನು ಕನ್ನಡ ಮತ್ತು ಮಲಯಾಳ ಎರಡೂ ಲಿಪಿಯಲ್ಲಿ ಅಚ್ಚು ಹಾಕಿ, ಉಸಿರು ತೆಗೆಯುವಲ್ಲಿ ಒಂದು ಗೀಟು.

ಇನ್ನು ಕೇಳಿಯೇ ಮಾಡಬೇಕಾದ ವಿಷಯಗಳು. ದೀಪ ಬೆಳಗುವುದಕ್ಕೆ ಕೆಲವರಿಗೆ ಮನಸ್ಸಿರುವುದಿಲ್ಲ, ದೇವರ ಹೆಸರಿನ ಸಾಲು ಹಾಡಲು ಇನ್ನು ಕೆಲವರಿಗೆ, ದಫ್ ಬಿಟ್ಟು ಬೇರೆ ವಾದ್ಯದ ಜೊತೆ ಹಾಡಲು ಮತ್ತೆ ಕೆಲವರಿಗೆ. ವೇದಿಕೆಯ ಮೇಲೆ ಗೊತ್ತಾದರೆ ಎರಡೂ ಕಡೆ ಮುಜುಗರ, ಮೊದಲ ವಾರವೇ ಕೇಳಿ. ಉದ್ಘಾಟನೆ ಎಂಬುದನ್ನೇ ಕೈಬಿಟ್ಟರೆ ದೀಪದ ಪ್ರಶ್ನೆಯೇ ಇಲ್ಲ, ಅರ್ಧ ಗಂಟೆಯೂ ಉಳಿಯುತ್ತದೆ. ಸೆಪ್ಟೆಂಬರ್ ಕೊನೆಯಲ್ಲಿ ಮಗ್ರಿಬ್ (ಸೂರ್ಯಾಸ್ತದ ನಮಾಜು) ಸುಮಾರು ಆರೂವರೆಗೆ. ಐದಕ್ಕೆ ಶುರು ಮಾಡಿದರೆ ಸರಿಯಾಗಿ ಹೆಸರು ಓದುವ ಹೊತ್ತಿಗೆ ಒಂದು ತಂಡ ಎದ್ದು ಹೋಗಬೇಕಾಗುತ್ತದೆ. ಏಳಕ್ಕೆ ಇಡಿ.

ಕಡತ_ಕಾಞಂಗಾಡ್:

ಹೆಸರು ಹುಡುಕುವ ಬಗ್ಗೆ.

ಎರಡು ಮಹಾಯುದ್ಧಗಳಿಗೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ (ಆ ಯುದ್ಧಗಳಲ್ಲಿ ಸತ್ತವರ ಸಮಾಧಿ, ಸ್ಮಾರಕ ನೋಡಿಕೊಳ್ಳುವ ಸಂಸ್ಥೆ) ಜಾಲತಾಣ ಉಚಿತ. ಅವರ ಲೆಕ್ಕಕ್ಕೆ ಬರುವ ಅವಧಿ 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31, ಮತ್ತೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31. ಹುಡುಕುವವರು ಕೇರಳ ಎಂದು ಟೈಪ್ ಮಾಡಿ, ಏನೂ ಇಲ್ಲ ಎಂದು ಬಿಟ್ಟುಬಿಡುತ್ತಾರೆ. ಆಗ ಕೇರಳ ಎಲ್ಲಿತ್ತು? ಈಗಿನ ಕಾಸರಗೋಡು, ಹೊಸದುರ್ಗ ಪ್ರದೇಶವೆಲ್ಲ 1956ರ ನವೆಂಬರ್ 1ರವರೆಗೆ ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆ. ಆದ್ದರಿಂದ ‘ಸೌತ್ ಕೆನರಾ’ ಎಂದು, ‘ಮಂಗಳೂರ್’ ಎಂದು, ‘ಮದ್ರಾಸ್’ ಎಂದು ಹುಡುಕಬೇಕು. ಕಾಸರಗೋಡಿಗೆ ಇಂಗ್ಲಿಷಿನಲ್ಲಿ ಕೆ ಅಕ್ಷರದ ಕಾಗುಣಿತವನ್ನೂ ಸಿ ಅಕ್ಷರದ ಹಳೆಯ ಕಾಗುಣಿತವನ್ನೂ ನೋಡಿ. ಹೆಸರಿನ ಚೌಕದಲ್ಲಿ ಅಲ್ಲ, ಹೆಚ್ಚುವರಿ ಮಾಹಿತಿಯ ಚೌಕದಲ್ಲಿ ಊರು ಹಾಕಬೇಕು. ‘ಇಂಥವರ ಮಗ, ಇಂಥ ಊರು’ ಎಂದು ಬರೆದಿರುವುದು ಅಲ್ಲಿ.

ಸ್ವಾತಂತ್ರ್ಯದ ನಂತರದವರಿಗೆ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ. ಅದು 2019ರ ಫೆಬ್ರವರಿ 25ರಂದು ತೆರೆದದ್ದು. 1962, 1965, 1971ರವರ ಕಡತದಲ್ಲಿ ಜಿಲ್ಲೆ ಕಣ್ಣೂರು ಎಂದಿರುತ್ತದೆ, ಕಾಸರಗೋಡು ಜಿಲ್ಲೆ ಆದದ್ದು 1984ರ ಮೇ 24ಕ್ಕೆ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ವಾಚನಾಲಯದ ಲೆಟರ್‌ಹೆಡ್‌ನಲ್ಲಿ ಒಂದು ಅರ್ಜಿ ಕೊಟ್ಟರೆ ಮನೆಯವರನ್ನು ಮುಟ್ಟಲು ದಾರಿ ಸಿಗುತ್ತದೆ. ಮನೆಯವರ ಒಪ್ಪಿಗೆ ಇಲ್ಲದೆ ಹತ್ತಿರದ ಕಾಲದ ಯಾರ ಹೆಸರನ್ನೂ ಓದಬೇಡಿ.

ಮೊದಲ ಮಹಾಯುದ್ಧದಲ್ಲಿ ಸುಮಾರು 74,000, ಎರಡನೆಯದರಲ್ಲಿ ಸುಮಾರು 87,000 ಭಾರತೀಯ ಸೈನಿಕರು ಸತ್ತರು. ದೆಹಲಿಯ ಇಂಡಿಯಾ ಗೇಟಿನ ಮೇಲಿರುವುದು 13,000 ಚಿಲ್ಲರೆ ಹೆಸರು ಮಾತ್ರ. ಇರಾಕಿನ ಬಸ್ರಾ ಸ್ಮಾರಕದಲ್ಲಿ ಭಾರತದ ಅಧಿಕಾರಿಗಳ ಹೆಸರು ಕೆತ್ತಿ, ಸಿಪಾಯಿಗಳದ್ದು ರೆಜಿಮೆಂಟಿಗೆ ಇಷ್ಟು ಎಂಬ ಸಂಖ್ಯೆ ಮಾತ್ರ ಬರೆದಿದ್ದರು. ಆಫ್ರಿಕಾ, ಏಷ್ಯಾದ ಹತ್ತಾರು ಸಾವಿರ ಜನರಿಗೆ ಹೀಗೆ ಸಮಾನ ಗೌರವ ಸಿಗಲಿಲ್ಲ ಎಂದು ಕಮಿಷನ್ನೇ 2021ರಲ್ಲಿ ವರದಿ ಕೊಟ್ಟು ಒಪ್ಪಿಕೊಂಡಿದೆ. ಆದ್ದರಿಂದ ನಿಮ್ಮ ಪಟ್ಟಿ ಪೂರ್ತಿ ಆಗದು. ಪಟ್ಟಿಯ ಕೊನೆಗೆ ‘ಹೆಸರು ಬರೆದಿಡದವರು’ ಎಂದು ಓದಿ ಮೂರು ಸೆಕೆಂಡ್ ಬಿಡಿ.

ಓದುವ ಲೆಕ್ಕ ಹೀಗೆ. ಒಂದು ಹೆಸರಿಗೆ ಊರು ಸೇರಿ ನಾಲ್ಕು ಸೆಕೆಂಡ್, ನಿಮಿಷಕ್ಕೆ 15. 60 ದಾಟಿದರೆ ಸಭೆ ಕದಲುತ್ತದೆ. ಹೆಚ್ಚಿದ್ದರೆ ಎರಡು ಕಂತು ಮಾಡಿ, ನಡುವೆ ಒಂದು ಹಾಡು. ಅಕಾರಾದಿಯಲ್ಲಿ ಓದಿ, ಹುದ್ದೆ ಬೇಡ, ಧರ್ಮದ ಪ್ರಕಾರ ಗುಂಪು ಮಾಡುವುದು ಬೇಡವೇ ಬೇಡ. ಇಬ್ಬರು ಓದಲಿ, ಒಬ್ಬರು ಕನ್ನಡದವರು, ಒಬ್ಬರು ಮಲಯಾಳದವರು. ಮುಸ್ಲಿಂ ಹೆಸರುಗಳನ್ನು ಇಂಗ್ಲಿಷ್ ಕಾಗುಣಿತ ನೋಡಿ ಓದಿ ಹಾಳು ಮಾಡುವುದು ಮಾಮೂಲು, ಗೊತ್ತಿದ್ದವರ ಹತ್ತಿರ ಮೊದಲೇ ಓದಿಸಿಕೊಂಡು ನಿಮ್ಮ ಲಿಪಿಯಲ್ಲಿ ಬರೆದಿಟ್ಟುಕೊಳ್ಳಿ.

ಸೈನಿಕರಲ್ಲದವರನ್ನು ಮರೆಯಬೇಡಿ. 1942ರಲ್ಲಿ ಬರ್ಮಾದಿಂದ ನಡೆದು ಬರುವಾಗ ದಾರಿಯಲ್ಲೇ ಸತ್ತ ಭಾರತೀಯರು, ಥಾಯ್–ಬರ್ಮಾ ರೈಲು ಹಾಕಲು ಮಲಯದಿಂದ ಒಯ್ದ ತಮಿಳು ಕೂಲಿಗಳು, ಇವರಿಗೆ ಯಾವ ಜಾಲತಾಣದಲ್ಲೂ ಪೂರ್ತಿ ಪಟ್ಟಿ ಇಲ್ಲ. ಇನ್ನು ನಮ್ಮ ಜಿಲ್ಲೆಯ ಗಲ್ಫ್ ಮನೆಗಳಿಗೆ ಯುದ್ಧ ಎಂದರೆ 1990ರ ಕುವೈತ್. ಆಗ 1,70,000ಕ್ಕೂ ಹೆಚ್ಚು ಭಾರತೀಯರನ್ನು ವಿಮಾನದಲ್ಲಿ ಕರೆತಂದರು. ಆ ಸಾಲಿನವರು ನಿಮ್ಮ ಸಭೆಯಲ್ಲೇ ಕೂತಿರುತ್ತಾರೆ.

ಏರುಪದ:

ಘೋಷಣೆಯಾಗದ ಹಾಗೆ ಹೇಗೆ ಎಂದು ಕೇಳಿದ್ದೀರಿ. ವೇದಿಕೆಯಲ್ಲಿ ಏನಿಡುತ್ತೀರಿ ಎಂಬುದರಲ್ಲೇ ಅದು ತೀರ್ಮಾನವಾಗುತ್ತದೆ. ಸೆಪ್ಟೆಂಬರ್ 23 ಹೈಫಾ ದಿನ, 1918ರಲ್ಲಿ ಮೈಸೂರು ಲ್ಯಾನ್ಸರ್ಸ್ ಕುದುರೆ ದಳ ಹೋರಾಡಿದ ದಿನ. ಎರಡು ದಿನ ಮುಂಚೆ ಕಾರ್ಯಕ್ರಮ ಇದ್ದರೆ ಯಾರಾದರೂ ಒಬ್ಬರು ‘ಅದನ್ನೂ ಸೇರಿಸುವ’ ಎನ್ನುತ್ತಾರೆ. ಗೌರವಕ್ಕೆ ಕೊರತೆ ಇಲ್ಲ, ಆದರೆ ಅದು ಗೆಲುವಿನ ನೆನಪು, ಧಾಟಿಯೇ ಬೇರೆ. ಬೇರೆ ದಿನ ಮಾಡಿ.

ಅರ್ಧ ಗಂಟೆಯ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಪದ ಮತ್ತು ಮಾತಿನಲ್ಲೇ ನಡೆಸುವ ಯಕ್ಷಗಾನ) ಇಡಬಹುದು. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ರಾಮಾಯಣ ಪ್ರಸಂಗಗಳಲ್ಲಿ ಅಂಗದ ಸಂಧಾನ ಉಂಟು. ಯುದ್ಧಕ್ಕೆ ಮೊದಲು ಒಂದು ಸಲ ಮಾತಾಡಿ ನೋಡುವ ಎಂದು ಹೋಗುವ ಕತೆ, ನಮ್ಮೂರಿನದ್ದೇ. ಆರು ಪದ ಆರಿಸಿ. ಪದಕ್ಕೆ ಎರಡು ನಿಮಿಷ, ಅರ್ಥಕ್ಕೆ (ಪಾತ್ರವಾಗಿ ಆಡುವ ಮಾತಿಗೆ) ಮೂರೂವರೆ ಎಂದರೆ 33 ನಿಮಿಷಕ್ಕೆ ಮುಗಿಯುತ್ತದೆ. ಕಡಿತ ಮಾಡುವಾಗ ಏರುಪದಗಳನ್ನು (ಆವೇಶದ, ಬಿರುಸಿನ ಪದಗಳು) ತೆಗೆಯಿರಿ. ಅವು ಬಂದ ಕೂಡಲೇ ಚೆಂಡೆ ಏರುತ್ತದೆ, ಅರ್ಥಧಾರಿಗೆ ಹುರುಪು ಬರುತ್ತದೆ, ಸಂಧಾನ ಹೋಗಿ ಸಮರ ಆಗುತ್ತದೆ. ಮದ್ದಳೆ, ಜಾಗಟೆ ಸಾಕು. ಶೀಟಿನ ಹಾಲ್‌ನೊಳಗೆ ಚೆಂಡೆ ಹೇಗೂ ಬೇಡ, ಆಮೇಲೆ ಹಾಡುವವರಿಗೆ ತಮ್ಮ ಧ್ವನಿಯೇ ಕೇಳದು.

ಅರ್ಥಗಾರಿಕೆ ಆಶು, ಅಲ್ಲೇ ಹುಟ್ಟುವ ಮಾತು. ಚಪ್ಪಾಳೆ ಬಿತ್ತೆಂದರೆ ಇವತ್ತಿನ ರಾಜಕೀಯಕ್ಕೆ ಒಂದು ಚಾಟಿ ಬೀಸುವ ಆಸೆ ಯಾರಿಗೂ ಬರುತ್ತದೆ. ರಾವಣ ಯಾವ ಪಕ್ಷದವನೂ ಅಲ್ಲ ಎಂದು ಇಬ್ಬರು ಅರ್ಥಧಾರಿಗಳ ಹತ್ತಿರವೂ ಮೊದಲೇ ಮಾತಾಗಲಿ. ಮಲಯಾಳಿ ಪ್ರೇಕ್ಷಕರಿಗೆ ಪ್ರತಿ ಪದದ ಸಾರ ಒಂದೊಂದು ಸಾಲಿನಲ್ಲಿ ಹಾಳೆಯ ಮೇಲೆ ಕೊಡಿ, ನಡುನಡುವೆ ಅನುವಾದ ಮಾಡಿ ಹೇಳಿದರೆ ಎರಡೂ ಭಾಷೆಯವರಿಗೆ ಬೇಸರ.

ಮೈಕ್ಸೆಟ್_ಮುಳ್ಳೇರಿಯ:

ಶೀಟಿನ ಹಾಲ್, ಸೆಪ್ಟೆಂಬರ್. ಎರಡು ಒಟ್ಟಿಗೆ ಹೋಗುವುದಿಲ್ಲ ಮಾರಾಯ್ರೇ. ಒಂದು ಜೋರು ಮಳೆ ಹೊಡೆದರೆ ನಿಮ್ಮ ಎರಡು ನಿಮಿಷದ ಮೌನವನ್ನು ಶೀಟೇ ತುಂಬಿಸುತ್ತದೆ. ಕಾಂಕ್ರೀಟ್ ಸ್ಲ್ಯಾಬಿನ ಹಾಲ್ ಹುಡುಕಿ, ಇಲ್ಲದಿದ್ದರೆ ದಿನ ಬದಲಿಸಿ. ಜನವರಿ 30, ಗಾಂಧೀಜಿ ತೀರಿದ ದಿನ, ಬೆಳಿಗ್ಗೆ 11ಕ್ಕೆ ದೇಶವೆಲ್ಲ ಎರಡು ನಿಮಿಷ ಮೌನ ಹೇಗೂ ಉಂಟು. 10:59ರಿಂದ 11ರವರೆಗೆ ಒಂದು ಸೈರನ್, 11:02ಕ್ಕೆ ಇನ್ನೊಂದು, ಅದು ಸರಕಾರದ್ದೇ ಕ್ರಮ. ಮಳೆ ಇಲ್ಲ. ಆದರೆ ಜನವರಿ ಕೊನೆ ಎಂದರೆ ಜಾತ್ರೆ, ಉರೂಸ್, ಇಗರ್ಜಿಯ ಹಬ್ಬ ಎಲ್ಲ ಇರುವ ಕಾಲ. ಅರ್ಧ ಕಿಲೋಮೀಟರಿನೊಳಗೆ ಬೇರೆ ಮೈಕ್ ಇದೆಯಾ ಎಂದು ವಿಚಾರಿಸಿಯೇ ದಿನ ಗಟ್ಟಿ ಮಾಡಿ.

60 ಜನರಿಗೆ ಎಂಟು ಮೈಕ್ ಕೊಡಬೇಡಿ. ಮೈಕ್ ಹತ್ತಿರ ನಿಂತ ಎಂಟೇ ಜನ ಕೇಳುತ್ತಾರೆ, ಅವರಲ್ಲೂ ಶ್ರುತಿ ತಪ್ಪಿದವರೇ ಹೆಚ್ಚು ಕೇಳುತ್ತಾರೆ. ಎರಡು ಕಂಡೆನ್ಸರ್ ಮೈಕ್ ಸಾಕು, ಮುಂದಿನ ಸಾಲಿನಿಂದ ಒಂದೂವರೆ ಮೀಟರ್ ದೂರ, ಎರಡೂವರೆ ಮೀಟರ್ ಎತ್ತರ, ಹಿಂದಿನ ಸಾಲಿನ ಬಾಯಿಯ ಕಡೆ ಮುಖ. ಎರಡು ಮೈಕ್‌ಗಳ ನಡುವಿನ ಅಂತರ ಹಾಡುವವರಿಂದ ಮೈಕಿಗಿರುವ ದೂರದ ಮೂರು ಪಟ್ಟು, ಅಂದರೆ ನಾಲ್ಕೂವರೆ ಮೀಟರ್. ಹತ್ತಿರ ಇಟ್ಟರೆ ಒಂದೇ ಧ್ವನಿ ಎರಡೂ ಮೈಕಿಗೆ ಸ್ವಲ್ಪ ಹಿಂದೆಮುಂದೆ ಬಂದು, ಡಬ್ಬದೊಳಗಿಂದ ಹಾಡಿದ ಹಾಗೆ ಕೇಳುತ್ತದೆ. 100 ಹರ್ಟ್ಸ್‌ನಿಂದ ಕೆಳಗಿನದ್ದನ್ನು ಕತ್ತರಿಸಿ, ಫ್ಯಾನಿನದ್ದೂ ಮರದ ವೇದಿಕೆ ತುಳಿಯುವುದರದ್ದೂ ಗದ್ದಲ ಹೋಗುತ್ತದೆ. ಸ್ಪೀಕರ್ ಯಾವಾಗಲೂ ಮೈಕಿಗಿಂತ ಮುಂದೆ, ಇಲ್ಲದಿದ್ದರೆ ಕೂಯ್ ಎನ್ನುತ್ತದೆ. ಹಾಡುವವರ ಎದುರು ಒಂದು ಸಣ್ಣ ಮಾನಿಟರ್ ಸ್ಪೀಕರ್ ಇಟ್ಟು ಅದರಲ್ಲಿ ತಂಬೂರಿ ಮಾತ್ರ ಬಿಡಿ. ತಂಬೂರಿ ಆ್ಯಪ್ ಇರುವ ಫೋನ್ ಏರೋಪ್ಲೇನ್ ಮೋಡಿನಲ್ಲಿರಬೇಕು, ನಡುವೆ ಒಂದು ಕಾಲ್ ಬಂದರೆ 60 ಜನರ ಷಡ್ಜ ಹಾರಿಹೋಗುತ್ತದೆ.

ದಫ್, ತಾಳ ಒಂದು ತುದಿಯಲ್ಲಿ ಬೇಡ, ನಡುವೆ ಇರಲಿ. ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 17 ಮೀಟರ್ ಆಚೆಯವರಿಗೆ ಪೆಟ್ಟು ಕೇಳುವಾಗ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ತಡ, ಆ ತುದಿಯವರು ಕಿವಿಯಿಂದ ತಾಳ ಹಿಡಿದರೆ ಹಿಂದೆ ಬೀಳುತ್ತಲೇ ಇರುತ್ತಾರೆ. ಕೈ ತೋರಿಸುವವರು ಒಬ್ಬರು ಬೇಕೇ ಬೇಕು.

ಮೌನಕ್ಕೆ ಬರುವ. ಎದ್ದು ನಿಲ್ಲಿ ಎಂದ ಕೂಡಲೇ 300 ಪ್ಲಾಸ್ಟಿಕ್ ಕುರ್ಚಿ ನೆಲಕ್ಕೆ ಉಜ್ಜುತ್ತದೆ. ಟೈಲ್ಸಿನ ಮೇಲೆ ಅದು ತಣ್ಣಗಾಗಲು 20 ಸೆಕೆಂಡ್ ಬೇಕು. ಅದರೊಳಗೆ ಲೆಕ್ಕ ಶುರು ಮಾಡಬೇಡಿ. ಕೊನೆಯ ಕುರ್ಚಿಯ ಸದ್ದು ನಿಂತ ಮೇಲೆ ಗಂಟೆ ಒಂದೇ ಪೆಟ್ಟು, ಅದರ ನಾದ ಕರಗಿದ ಮೇಲೆ ಗಡಿಯಾರ ನೋಡಿ. ಮೌನಕ್ಕೆ ಹಿನ್ನೆಲೆ ಸಂಗೀತ ಹಾಕುವ ಅಭ್ಯಾಸ ಹೊಸತಾಗಿ ಬಂದಿದೆ, ದಯವಿಟ್ಟು ಬೇಡ, ಮೌನ ಎಂದರೆ ಮೌನ. ಪೂರ್ತಿ ಎರಡು ನಿಮಿಷ ಬಿಡಿ. ಕಾಲು ನಿಮಿಷಕ್ಕೇ ‘ಧನ್ಯವಾದ, ಕುಳಿತುಕೊಳ್ಳಿ’ ಎನ್ನುವುದು ನಮ್ಮ ಕಡೆಯ ದೊಡ್ಡ ರೋಗ. ಮುಗಿಸುವಾಗ ಮಾತು ಬೇಡ, ತಂಬೂರಿಯನ್ನು ಸೊನ್ನೆಯಿಂದ ನಿಧಾನಕ್ಕೆ ಏರಿಸಿ, ಮುಂದಿನ ಹಾಡು ಅದರಿಂದಲೇ ಹೊರಡಲಿ. ಮೈಕ್ ಸ್ವಿಚ್ ಆಫ್ ಮಾಡಬೇಡಿ, ಟಪ್ ಎನ್ನುತ್ತದೆ, ಫೇಡರ್ ಇಳಿಸಿ. ಜನರೇಟರ್ ಇದ್ದರೆ ಹಾಲಿನ ಹಿಂದಿನ ಗೋಡೆಯಾಚೆ.

ಪೊಲೀಸ್ ಸ್ಟೇಷನ್ನಿನಿಂದ ಮೈಕ್ ಅನುಮತಿ ಮೊದಲೇ ತೆಗೆಯಿರಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಇಲ್ಲ, ಆಸ್ಪತ್ರೆ, ಶಾಲೆ, ಕೋರ್ಟಿನ 100 ಮೀಟರ್ ಸುತ್ತ ಸರಕಾರ ಘೋಷಿಸಿದ ಕಡೆ ನಿಶ್ಶಬ್ದ ವಲಯ, ಇದು 2000ದ ನಿಯಮ.

ನೆಲನಿಲುವು:

ಎಲ್ಲರೂ ಚೆನ್ನಾಗಿ ಹೇಳಿದ್ದೀರಿ, ನನ್ನದೊಂದು ತಕರಾರು. ನೂರು ವರ್ಷದ ಹಿಂದಿನ ಯುದ್ಧದ ಹೆಸರು ಓದುವುದು ಸುಲಭ, ಯಾರಿಗೂ ನೋಯುವುದಿಲ್ಲ. ಇವತ್ತು ನಡೆಯುತ್ತಿರುವ ಯುದ್ಧಗಳನ್ನು ಬಾಯಿಬಿಟ್ಟು ಹೇಳದಿದ್ದರೆ ಇದು ಶಾಂತಿಯ ಕಾರ್ಯಕ್ರಮ ಹೇಗಾಗುತ್ತದೆ? ನಮ್ಮ ಶಾಲೆಗಳಲ್ಲಿ ಆಗಸ್ಟ್ 6ಕ್ಕೆ ಮಕ್ಕಳು ಹಿರೋಷಿಮಾದ ಹುಡುಗಿ ಸಡಾಕೋ ನೆನಪಿಗೆ ಕಾಗದದ ಕೊಕ್ಕರೆ ಮಡಚುತ್ತಾರೆ. ಬಾಂಬ್ ಬಿದ್ದಾಗ ಎರಡು ವರ್ಷದವಳು, 1955ರಲ್ಲಿ 12ನೇ ವಯಸ್ಸಿಗೆ ಲ್ಯುಕೇಮಿಯಾದಿಂದ ಸತ್ತವಳು. ಅಷ್ಟಕ್ಕೆ ನಿಲ್ಲಿಸಿಬಿಡುತ್ತೇವೆ.

ಶ್ರುತಿಪೆಟ್ಟಿಗೆ:

@ನೆಲನಿಲುವು, ಮಾತು ಒಪ್ಪುತ್ತೇನೆ, ಆದರೆ ಒಂದೂವರೆ ಗಂಟೆಯಲ್ಲಿ ಯಾವ ಯುದ್ಧ ಮೊದಲು ಎಂಬ ಜಗಳವನ್ನು 60 ಜನರ ಗುಂಪು ತಡೆದುಕೊಳ್ಳದು. ಅಭ್ಯಾಸವೇ ನಿಂತುಹೋಗುತ್ತದೆ. ಬ್ರಿಟಿಷ್ ಸಂಗೀತಗಾರ ಬೆಂಜಮಿನ್ ಬ್ರಿಟನ್ 1962ರಲ್ಲಿ ಇದಕ್ಕೊಂದು ದಾರಿ ಹುಡುಕಿದ್ದ. ಬಾಂಬಿನಿಂದ ಹಾಳಾದ ಕಾವೆಂಟ್ರಿ ಇಗರ್ಜಿಯ ಪಕ್ಕ ಹೊಸದು ಕಟ್ಟಿದಾಗ ಅಲ್ಲಿಗೆ ಬರೆದ ಕೃತಿಗೆ ಇಂಗ್ಲೆಂಡಿನ, ಜರ್ಮನಿಯ, ರಷ್ಯದ ಒಬ್ಬೊಬ್ಬ ಗಾಯಕರು ಬೇಕೆಂದಿದ್ದ. ಯಾರು ಸರಿ, ಯಾರು ತಪ್ಪು ಎಂದು ಬರೆಯಲಿಲ್ಲ, ಯಾರ ಪಕ್ಕ ಯಾರು ನಿಲ್ಲಬೇಕು ಎಂದು ಬರೆದ. ಸೋವಿಯತ್ ಸರಕಾರ ಮೊದಲ ಪ್ರದರ್ಶನಕ್ಕೆ ಗಾಯಕಿಯನ್ನು ಕಳಿಸಲಿಲ್ಲ ಎಂಬುದೂ ಅದೇ ಕತೆಯ ಭಾಗ.

ನೆಲನಿಲುವು:

ಅದು ಮಹಾಯುದ್ಧ ಮುಗಿದು 17 ವರ್ಷಕ್ಕೆ. ನಡೆಯುತ್ತಿರುವಾಗ ಅಲ್ಲ. ಮೌನಕ್ಕೆ ಮೊದಲು ‘ಈ ಗಳಿಗೆಯಲ್ಲೂ ಸಾಯುತ್ತಿರುವವರಿಗೆ’ ಎಂದು ಒಂದು ಸಾಲಾದರೂ ಇರಲಿ, ದೇಶದ ಹೆಸರು ಬೇಡವೆಂದರೆ ಬೇಡ.

ವಾಚನಾಲಯ_ಪೆರ್ಲ:

ಆ ಸಾಲು ಇರುತ್ತದೆ, ಕನ್ನಡ, ಮಲಯಾಳ ಎರಡರಲ್ಲೂ. ದಿನವನ್ನು ಜನವರಿ 30ಕ್ಕೆ ಹಾಕಿದೆವು, ಮೌನ 11ಕ್ಕೆ, ಕಾರ್ಯಕ್ರಮ 10:15ರಿಂದ 11:45. ಅಭ್ಯಾಸ ಎಂಟು ಭಾನುವಾರ, ಮಧ್ಯಾಹ್ನ ಎರಡೂವರೆಯಿಂದ ನಾಲ್ಕು. ಮೊದಲ ಮೂರು ತಂಡ ತಂಡವಾಗಿ, ಆಮೇಲೆ ಒಟ್ಟಿಗೆ. ಇನ್ನೊಂದು ಸಂಶಯ: ಕವಿತೆಗಳಿಗೆ ರಾಗ ಹಾಕಿ ಹಾಡಲು, ಬೇರೆ ಭಾಷೆಗೆ ಅನುವಾದ ಮಾಡಲು ಅನುಮತಿ ಬೇಕಾ?

ಕಡತ_ಕಾಞಂಗಾಡ್:

ಕವಿ ತೀರಿದ ಮರುವರ್ಷದ ಜನವರಿ 1ರಿಂದ 60 ವರ್ಷ ಹಕ್ಕು ಇರುತ್ತದೆ. ಮಂಜೇಶ್ವರದ ಗೋವಿಂದ ಪೈಗಳು ತೀರಿದ್ದು 1963, ಹಾಗಾಗಿ 2024ರಿಂದ ಮುಕ್ತ. ಮಲಯಾಳದ ವಳ್ಳತ್ತೋಳ್ 1958, ಅವರದ್ದು 2019ರಿಂದಲೇ ಮುಕ್ತ. ಕಯ್ಯಾರ ಕಿಞ್ಞಣ್ಣ ರೈಗಳು 2015ರಲ್ಲಿ ತೀರಿದ್ದು, ಬೇಂದ್ರೆ 1981, ಇವರ ಕವಿತೆಗಳಿಗೆ ಹಕ್ಕುದಾರರ ಒಪ್ಪಿಗೆ ಬೇಕು, ಅನುವಾದಕ್ಕಂತೂ ಲಿಖಿತವಾಗಿಯೇ. ಹವ್ಯಾಸಿ ಸಂಘ, ಟಿಕೆಟ್ ಇಲ್ಲದ ಸಭೆ ಎಂದಾದರೆ ವೇದಿಕೆಯಲ್ಲಿ ಹಾಡುವುದಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಉಂಟು. ಅದನ್ನು ಯೂಟ್ಯೂಬಿಗೆ ಹಾಕುವುದಕ್ಕೆ ಆ ವಿನಾಯಿತಿ ಅನ್ವಯಿಸುವುದಿಲ್ಲ. ಪಾಡ್ದನ, ಹಳೆಯ ಇಶಲ್‌ಗಳ ಧಾಟಿಗೆ ತೊಂದರೆ ಇಲ್ಲ, ಆದರೆ ಸಿನಿಮಾದಲ್ಲಿ ಬಂದ ರೂಪ ಬಿಟ್ಟು ಊರಿನ ರೂಪವನ್ನೇ ಹಾಡಿ. ವಿಡಿಯೋ ಹಾಕುವುದಾದರೆ ಹೆಸರು ಓದುವ ಭಾಗಕ್ಕೆ ಮನೆಯವರನ್ನು ಪ್ರತ್ಯೇಕ ಕೇಳಿ, ಸಭೆಗೆ ಒಪ್ಪಿದವರೆಲ್ಲ ಇಂಟರ್‌ನೆಟ್ಟಿಗೆ ಒಪ್ಪಿರುವುದಿಲ್ಲ.

ಇಶಲ್_ಮೊಗ್ರಾಲ್:

ಮಧ್ಯಾಹ್ನ ಎರಡೂವರೆ ಒಳ್ಳೆಯ ಹೊತ್ತು, ನಾಲ್ಕಕ್ಕೆ ಮುಗಿದರೆ ಅಸರ್ (ಇಳಿಹೊತ್ತಿನ) ನಮಾಜಿಗೂ ಸಮಯ ಇರುತ್ತದೆ, ಪೂಜೆ ಮುಗಿಸಿ ಕ್ವಯರಿನವರಿಗೂ ಊಟ ಆಗಿರುತ್ತದೆ. ಜನವರಿ 30 ಶುಕ್ರವಾರ ಬಿದ್ದರೆ 11:45ಕ್ಕೆ ಖಡಾಖಂಡಿತ ಮುಗಿಸಿ, ಜುಮಾಕ್ಕೆ ಹೊರಡಬೇಕು. ದಫ್‌ಗಳನ್ನು ಕಾಯಿಸಲು ಹಾಲಿನ ಹೊರಗೆ ಬಿಸಿಲು ಬೀಳುವ ಒಂದು ಜಾಗ ಬೇಕು. ಚರ್ಮ ತಂಪಾದರೆ ಪೆಟ್ಟು ಸತ್ತುಹೋಗುತ್ತದೆ, ಹಾಗಾಗಿ ಹಾಡುವುದಕ್ಕೆ ಹತ್ತು ನಿಮಿಷ ಮೊದಲು ಕಾಯಿಸಿ ತಂದರೆ ಸರಿ.